ಮಳೆಗಾಲಕ್ಕೆ ಹತ್ತು ಪುಸ್ತಕ: ಕಾದಂಬರಿ ಮೊದಲು, ಆತ್ಮಕಥೆ ಆಮೇಲೆ

ಮಲೆನಾಡಿನವರು ಬರೆದ ಕಾದಂಬರಿ, ಆತ್ಮಕಥೆ, ನೆನಪಿನ ಪುಸ್ತಕ ಹತ್ತನ್ನು ಒಂದೇ ಮಳೆಗಾಲದಲ್ಲಿ ಓದಿ ಮುಗಿಸಬೇಕು ಅಂತ ಶಿವಮೊಗ್ಗದಲ್ಲಿ ಕೂತು ಪಟ್ಟಿ ಹಾಕಿದ್ದು ಜೂನ್ ಮೊದಲ ವಾರ. ಕೊನೆಯ ಪುಸ್ತಕ ಮುಚ್ಚಿದ್ದು ದೀಪಾವಳಿ ಕಳೆದು ನಾಲ್ಕನೆಯ ದಿನ. ಲೆಕ್ಕ ಹಾಕಿದರೆ ಓದಿದ ದಿನಗಳಿಗಿಂತ ಪುಸ್ತಕಕ್ಕೆ ಕಾದ ದಿನಗಳೇ ಹೆಚ್ಚು. ಇದೇ ಪಟ್ಟಿ ಹಿಡಿದು ಹೊರಡುವವರಿಗೆ ಒಂದಷ್ಟು ಅಲೆದಾಟ ತಪ್ಪಲಿ ಅಂತ, ಆದದ್ದನ್ನು ಆದ ಹಾಗೇ ಬರೆದಿದೆ.

ಪಟ್ಟಿ ಇದು. ತೇಜಸ್ವಿಯವರ ‘ಕರ್ವಾಲೊ’, ‘ಅಣ್ಣನ ನೆನಪು’. ಅನಂತಮೂರ್ತಿಯವರ ‘ಸಂಸ್ಕಾರ’, ‘ಸುರಗಿ’. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’, ‘ಮಲೆಗಳಲ್ಲಿ ಮದುಮಗಳು’, ‘ನೆನಪಿನ ದೋಣಿಯಲ್ಲಿ’. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, ಲಂಕೇಶರ ‘ಹುಳಿಮಾವಿನ ಮರ’, ನಾ. ಡಿಸೋಜರ ‘ದ್ವೀಪ’. ನಾಲ್ಕು ಗ್ರಂಥಾಲಯದ್ದು, ಐದು ಹೊಸದಾಗಿ ಕೊಂಡದ್ದು, ಒಂದು ಹಳೇ ಪುಸ್ತಕದಂಗಡಿಯದ್ದು.

ಮೊದಲು ಗ್ರಂಥಾಲಯದ ಕೆಲಸ. ಸದಸ್ಯತ್ವಕ್ಕೆ ಅರ್ಜಿ, ಆಧಾರ್ ನಕಲು, ಎರಡು ಫೋಟೋ, ಠೇವಣಿ. ಅರ್ಜಿಯಲ್ಲಿ ಜಾಮೀನುದಾರರ ಸಹಿಗೆ ಒಂದು ಜಾಗ ಇರುತ್ತದೆ, ಅದನ್ನು ಖಾಲಿ ಬಿಟ್ಟು ಹೋದರೆ ಆ ದಿನದ ಓಡಾಟ ದಂಡ. ಯಾರ ಸಹಿ ನಡೆಯುತ್ತದೆ ಅಂತ ಕೌಂಟರಿನಲ್ಲೇ ಕೇಳಿ ಅರ್ಜಿ ಮನೆಗೆ ತನ್ನಿ. ಸೋಮವಾರ ಬಾಗಿಲು ಹಾಕಿರುತ್ತದೆ ಅನ್ನುವುದನ್ನು ನೆನಪಿಡಿ, ವಾರದ ಮೊದಲ ದಿನ ರಜೆ ಹಾಕಿಕೊಂಡು ಹೋಗಿ ಬೀಗ ನೋಡಿ ಬರಬೇಡಿ. ಕಾರ್ಡು ಕೈಗೆ ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಒಳಗೆ ಕೂತು ಓದಲು ಯಾರೂ ಬೇಡ ಅನ್ನುವುದಿಲ್ಲ. ‘ಫಣಿಯಮ್ಮ’ದ ಅರ್ಧ ಹಾಗೇ ಮುಗಿಯಿತು.

ಕಪಾಟಿನ ಮುಂದೆ ನಿಂತಾಗ ಗೊತ್ತಿರಬೇಕಾದ ಒಂದು ಸಂಗತಿ: ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ಸಂಖ್ಯೆ ಬಳಸುವ ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯ 894.814ರಲ್ಲಿ, ಕಾದಂಬರಿ ಅದರ ಮುಂದೆ 3 ಸೇರಿಸಿದ ಕಡೆ ಇರುತ್ತದೆ. ಆತ್ಮಕಥೆಗಳನ್ನು ಎಷ್ಟೋ ಕಡೆ 920ರ ಜೀವನಚರಿತ್ರೆಯ ಸಾಲಿಗೆ ಹಾಕಿರುತ್ತಾರೆ. ಅಂದರೆ ‘ಸಂಸ್ಕಾರ’ ಒಂದು ಗೋಡೆಗೆ, ‘ಸುರಗಿ’ ಎದುರು ಗೋಡೆಗೆ. ಕುವೆಂಪು ಸಾಲಿನಲ್ಲಿ ‘ನೆನಪಿನ ದೋಣಿಯಲ್ಲಿ’ ಕಾಣಲಿಲ್ಲ ಅಂದಾಕ್ಷಣ ಇಲ್ಲ ಅಂದುಕೊಳ್ಳಬೇಡಿ, ಎದುರಿನ ಸಾಲೂ ನೋಡಿ. “ಅದು ಹೊರಗೆ ಹೋಗಿದೆ, ಬಂದ್ರೆ ಹೇಳ್ತೀವಿ” ಅಂದರೆ ಅಷ್ಟಕ್ಕೇ ವಾಪಸು ಬರದೆ, ಹೆಸರು, ಫೋನ್ ನಂಬರ್ ಚೀಟಿಯಲ್ಲಿ ಬರೆದು ಕೊಟ್ಟು ಬನ್ನಿ. ಚೀಟಿ ಕೊಟ್ಟ ಎರಡು ಪುಸ್ತಕಕ್ಕೂ ಫೋನ್ ಬಂತು. ಬಾಯಲ್ಲಿ ಹೇಳಿ ಬಂದದ್ದಕ್ಕೆ ಬರಲಿಲ್ಲ.

ಈ ನಡುವೆ ಆನ್‌ಲೈನಿನಲ್ಲಿ ‘ಕರ್ವಾಲೊ’ ತರಿಸಿದ್ದು ದೊಡ್ಡ ಪೆಟ್ಟು. ಒಂಬತ್ತು ದಿನ ಕಾದ ಮೇಲೆ ಲಕೋಟೆ ಒಡೆದರೆ ಒಳಗಿದ್ದದ್ದು ಕಾಲೇಜು ಮಕ್ಕಳ ಗೈಡು. ಸಾರಾಂಶ, ಪಾತ್ರಪರಿಚಯ, ಐದು ಅಂಕದ ಪ್ರಶ್ನೆಗಳು. ಪಠ್ಯವಾಗಿದ್ದ ಕಾದಂಬರಿಗಳಿಗೆಲ್ಲ ಈ ಕಾಟ ಇದ್ದದ್ದೇ. ಕೊಳ್ಳುವ ಮೊದಲು ಪ್ರಕಾಶಕರ ಹೆಸರು, ಪುಟಸಂಖ್ಯೆ ಎರಡನ್ನೂ ನೋಡಿ. ಪುಟಸಂಖ್ಯೆ ಕೊಡದ ಕಡೆ ಕೊಳ್ಳಲೇಬೇಡಿ. ವಾಪಸು ಕಳಿಸಿ ದುಡ್ಡು ಬರಲು ಇನ್ನೂ ಹದಿನೆಂಟು ದಿನ ಆಯಿತು. ಕೊನೆಗೆ ಅದೇ ಪುಸ್ತಕ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಅಂಗಡಿಯಲ್ಲಿ ಶೇಕಡಾ ಹತ್ತು ರಿಯಾಯಿತಿಗೆ ಸಿಕ್ಕಿತು.

ಪೂರ್ತಿ ಓದಿ ಮುಗಿಸಿದ್ದು ಮೊದಲು ಅದನ್ನೇ, ನಿಮಗೂ ಅದೇ ಹೇಳುವುದು. 1980ರ ಪುಸ್ತಕ, ಎರಡು ಸಂಜೆಗೆ ಮುಗಿಯುತ್ತದೆ. ಮೂಡಿಗೆರೆಯ ಕಡೆಯ ಒಬ್ಬ ಕೃಷಿಕ, ಮಂದಣ್ಣನೆಂಬ ಹಳ್ಳಿಯ ಹುಡುಗ, ವಿಜ್ಞಾನಿ ಕರ್ವಾಲೊ, ಅವರೆಲ್ಲರೂ ಬೆನ್ನು ಹತ್ತುವ ಒಂದು ಹಾರುವ ಓತಿ. ಹುಡುಕಾಟ ಹಗುರವಾಗಿ, ತಮಾಷೆಯಾಗಿ ಸಾಗುತ್ತದೆ. ಕೊನೆಯ ಹತ್ತು ಪುಟದಲ್ಲಿ ಮಾತ್ರ ವೇಗ ತಾನಾಗಿ ತಗ್ಗುತ್ತದೆ. ಊರಿನ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನಾದ ಮಂದಣ್ಣನ ಕಣ್ಣಿಗೆ ಬಿದ್ದದ್ದು ಓದಿದವರ ಕಣ್ಣಿಗೆ ಬಿದ್ದಿರಲಿಲ್ಲ ಅನ್ನುವುದನ್ನು ತೇಜಸ್ವಿ ಎಲ್ಲೂ ಒತ್ತಿ ಹೇಳುವುದಿಲ್ಲ. ಈ ಹತ್ತರಲ್ಲಿ ಎರಡನೇ ಸಲ ಓದಿದಾಗಲೂ ಸ್ವಲ್ಪವೂ ಮಾಸದ ಪುಸ್ತಕ ಇದೊಂದೇ.

ಆಮೇಲೆ ಒಂದು ತಪ್ಪಾಯಿತು. ಈ ಬರಹ ಹುಟ್ಟಿದ್ದೇ ಆ ತಪ್ಪಿನಿಂದ. ‘ಸಂಸ್ಕಾರ’ ಹೊರಗೆ ಹೋಗಿತ್ತು, ‘ಸುರಗಿ’ ಕೈಗೆ ಸಿಕ್ಕಿತು ಅಂತ ಆತ್ಮಕಥೆಯನ್ನೇ ಮೊದಲು ಓದಿದ್ದು. 2012ರಲ್ಲಿ ಬಂದ ‘ಸುರಗಿ’ ಅನಂತಮೂರ್ತಿಯವರು ಹೇಳುತ್ತಾ ಹೋಗಿ ಜ.ನಾ. ತೇಜಶ್ರೀ ಬರೆದುಕೊಂಡದ್ದು. ಮಾತಿನ ಲಯ ಅದರಲ್ಲಿ ಉಳಿದಿದೆ. ತೀರ್ಥಹಳ್ಳಿ ಕಡೆಯ ಬಾಲ್ಯದ ಪುಟಗಳು ತುಂಬಾ ಚೆನ್ನ, ಸಭೆ, ಹುದ್ದೆ, ವಿವಾದಗಳ ಪುಟಗಳು ಅಷ್ಟು ಹಿಡಿಯುವುದಿಲ್ಲ. ತೊಂದರೆ ಬಂದದ್ದು ಹತ್ತು ದಿನ ಬಿಟ್ಟು ‘ಸಂಸ್ಕಾರ’ ಕೈಗೆ ಬಂದಾಗ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ, ದಹನ ಮಾಡುವವರು ಯಾರು ಅಂತ ಊರೇ ಅಳುಕುತ್ತಿದೆ, ಓದುವ ತಲೆಯಲ್ಲಿ ಮಾತ್ರ ಇದು ಯಾವ ಊರು, ಇವರು ಯಾರು ಅನ್ನುವ ಪತ್ತೇದಾರಿ. ಊರಿಗೆ ದಾರಿ ಹೇಳಬೇಕಾದ ಪಂಡಿತ ಪ್ರಾಣೇಶಾಚಾರ್ಯರ ಇಕ್ಕಟ್ಟು ಹಿಂದೆ ಸರಿದು, ಲೇಖಕರ ಊರು ಮುಂದೆ ಬಂದು ನಿಂತಿತು. ಕಾದಂಬರಿಯ ಕೊನೆಯ ಭಾಗದಲ್ಲಿ ಆಚಾರ್ಯರು ಪುಟ್ಟನ ಜೊತೆ ಮೇಳಿಗೆಯ ತೇರಿಗೆ ಹೋಗುತ್ತಾರೆ. ಮೇಳಿಗೆ ಅನಂತಮೂರ್ತಿಯವರು ಹುಟ್ಟಿದ ಊರು. ಅದು ಗೊತ್ತಿದ್ದರೆ ಆ ಜಾತ್ರೆ ಒಬ್ಬರ ಬಾಲ್ಯದ ನೆನಪಾಗಿ ಕಾಣುತ್ತದೆ. ಗೊತ್ತಿಲ್ಲದೆ ಓದಿದರೆ, ಸೂತಕದಲ್ಲಿ ಹೊರಬಿದ್ದ ಮನುಷ್ಯನಿಗೆ ಬಣ್ಣ, ಗದ್ದಲ, ಕಾಫಿ, ಹೆಂಗಸರ ಮುಖಗಳೆಲ್ಲ ಒಮ್ಮೆಗೇ ಮೈಮೇಲೆ ಬಂದ ಹಾಗೆ ಕಾಣುತ್ತದೆ. 1965ರ ಆ ಪುಸ್ತಕ ಬರೆದದ್ದು ಎರಡನೆಯದಕ್ಕಾಗಿ.

ಅಂದಿನಿಂದ ನಿಯಮ ಬದಲಾಯಿತು. ಒಬ್ಬ ಲೇಖಕರ ಕಾದಂಬರಿ, ಆತ್ಮಕಥೆ ಎರಡೂ ಪಟ್ಟಿಯಲ್ಲಿದ್ದರೆ ಕಾದಂಬರಿ ಮೊದಲು, ನಡುವೆ ಕಡಿಮೆ ಅಂದರೆ ಹದಿನೈದು ದಿನ ಅಂತರ, ಆಮೇಲೆ ಆತ್ಮಕಥೆ. ಕಾದಂಬರಿ ಸಿಗದಿದ್ದರೆ ಕಾಯುವುದು, ಅಥವಾ ಬೇರೆಯವರದ್ದಕ್ಕೆ ಹೋಗುವುದು. ಸಿನಿಮಾಕ್ಕೂ ಇದೇ ಮಾತು. 1970ರ ‘ಸಂಸ್ಕಾರ’ ಚಿತ್ರ ಮೊದಲು ನೋಡಿದವರಿಗೆ ಪ್ರಾಣೇಶಾಚಾರ್ಯರಿಗೆ ಗಿರೀಶ ಕಾರ್ನಾಡರ ಮುಖ, ನಾರಣಪ್ಪನಿಗೆ ಲಂಕೇಶರ ಮುಖ ಅಂಟಿಕೊಂಡು ಬಿಡಿಸಲಿಕ್ಕಾಗುವುದಿಲ್ಲ.

ಜುಲೈ ಪೂರ್ತಿ ‘ಕಾನೂರು ಹೆಗ್ಗಡಿತಿ’. 1936ರಲ್ಲಿ ಬಂದದ್ದು. ಓದುವವರು ಸೋಲುವುದು ಮೊದಲ ನೂರು ಪುಟದಲ್ಲಿ. ಕಾಡಿನ ವರ್ಣನೆ, ಬೇಟೆ, ಮನೆಯ ಆಳುಕಾಳುಗಳ ಗಲಾಟೆ ಎಲ್ಲ ಇದೆ, ಕಥೆ ಮಾತ್ರ ಮುಂದೆ ಹೋಗುವುದಿಲ್ಲ ಅನಿಸುತ್ತದೆ. ಗಂಟೆಗೆ ಇಪ್ಪತ್ತು ಪುಟದ ಲೆಕ್ಕ ಇಟ್ಟುಕೊಂಡು, ದಿನಕ್ಕೆ ಒಂದು ಗಂಟೆ, ಬಿಡದೆ ಓದಿ. ಕಾನೂರು ಮನೆಯ ಯಜಮಾನ ಚಂದ್ರಯ್ಯಗೌಡರು, ಅವರ ಹೆಂಡತಿ ಸುಬ್ಬಮ್ಮ ಎದುರುಬದುರಾಗುವ ಹೊತ್ತಿಗೆ ಪುಸ್ತಕವೇ ಎಳೆದುಕೊಂಡು ಹೋಗುತ್ತದೆ. ಹೂವಯ್ಯನ ಬಗ್ಗೆ ಒಂದು ತಕರಾರು ಇದೆ, ಹೇಳಿಬಿಡುವುದೇ ಒಳ್ಳೆಯದು: ಅವನು ತೀರಾ ಸಜ್ಜನ. ಓದಿದ್ದಾನೆ, ಧ್ಯಾನ ಮಾಡುತ್ತಾನೆ, ತಪ್ಪು ಮಾಡುವುದು ಕಡಿಮೆ. ಓದಿ ಮುಗಿಸಿದ ಮೇಲೆ ನೆನಪಲ್ಲಿ ಉಳಿಯುವವಳು ಸುಬ್ಬಮ್ಮ, ಮನಸ್ಸಿಗೆ ನೋವಾಗುವುದು ಸೀತೆಯ ಪಾಡಿಗೆ.

ಪದಗಳ ವಿಷಯ ಇಲ್ಲೇ ಹೇಳಬೇಕು. ಬಯಲುಸೀಮೆಯ ಓದುಗರು ಕಾನು, ಹಾಡ್ಯ, ಹಕ್ಕಲು ಮೂರನ್ನೂ ‘ಕಾಡು’ ಅಂತ ಓದಿಕೊಂಡು ಮುಂದೆ ಹೋಗುತ್ತಾರೆ. ಕಾನು ಅಂದರೆ ಬಿಸಿಲು ನೆಲಕ್ಕೆ ಬೀಳದ ದಟ್ಟ ಹಸಿರು ಕಾಡು. ಹಾಡ್ಯ ಮನೆ, ಗದ್ದೆಗಳ ಹತ್ತಿರದ್ದು, ಸೊಪ್ಪು ಸೌದೆಗೆ ಜನ ನುಗ್ಗುವ ಕಾಡು. ಹಕ್ಕಲು ಕಾಡೇ ಅಲ್ಲ, ಮರ ಕಡಿಮೆ ಇರುವ ಬಯಲು ಜಾಗ. ಯಾರು ಎಲ್ಲಿ ಯಾರಿಗೆ ಸಿಕ್ಕಿಬೀಳುತ್ತಾರೆ, ಎಲ್ಲಿ ಕೋವಿ ಈಡು ಕೇಳುತ್ತದೆ ಅನ್ನುವುದೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ. ಗೊರಬು, ಕಂಬಳಿಕೊಪ್ಪೆ, ಮುಂಡಿಗೆ, ಸೋಗೆ ಇಂಥವನ್ನು ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಾ ಹೋಗಿ. ಗ್ರಂಥಾಲಯದ ಪುಸ್ತಕವಾದರೆ ಒಳಗೊಂದು ಚೀಟಿ ಸಾಕು. ನಲವತ್ತು ಪದ ದಾಟಿದ ಮೇಲೆ ಹೊಸದು ಸಿಗುವುದು ಅಪರೂಪ.

ಆಗಸ್ಟ್‌ನಲ್ಲಿ ಬೂಷ್ಟು ಬಂತು. ಹದಿನೈದು ದಿನ ಬಿಡದ ಮಳೆ, ಗೋಡೆಗೆ ಅಂಟಿದ ಕಪಾಟು, ಕೊಂಡ ಐದರಲ್ಲಿ ಮೂರು ಪುಸ್ತಕದ ಬೆನ್ನಿನ ಮೇಲೆ ಬೂದು ಚುಕ್ಕೆ. ಕೈಯಲ್ಲಿ ಒರೆಸಬೇಡಿ, ಒಳಗೆ ಹರಡುತ್ತದೆ. ಜಗಲಿಗೆ ತಂದು ಒಣ ಬ್ರಷ್ಷಿನಲ್ಲಿ ಹೊರಮುಖವಾಗಿ ಗುಡಿಸಿ, ಪುಸ್ತಕ ಬೀಸಣಿಗೆಯ ಹಾಗೆ ಬಿಚ್ಚಿ ನಿಲ್ಲಿಸಿ ಫ್ಯಾನಿನ ಗಾಳಿಗೆ ಬಿಡಿ. ಬಿಸಿಲು ಬಂತು ಅಂತ ಅಂಗಳಕ್ಕೆ ಹಾಕಿದರೆ ರಟ್ಟು ಸೊಟ್ಟಗಾಗುತ್ತದೆ, ಬೆನ್ನಿನ ಗೋಂದು ಬಿಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ, ಹಪ್ಪಳ ಒಣಗುತ್ತದಲ್ಲ ಅಂತ ಪುಸ್ತಕವನ್ನೂ ಅಲ್ಲಿಗೆ ಏರಿಸುವವರಿದ್ದಾರೆ. ಬೂಷ್ಟು ಹೋಗುತ್ತದೆ ನಿಜ, ಎರಡು ಮಳೆಗಾಲದಲ್ಲಿ ಹಾಳೆ ಕಂದಾಗಿ ಮುರಿಯಲು ಶುರು. ಕಪಾಟನ್ನು ಗೋಡೆಯಿಂದ ಎರಡು ಇಂಚು ಈಚೆಗೆ ಎಳೆಯಿರಿ, ಪುಸ್ತಕಗಳನ್ನು ಒತ್ತಿ ತುಂಬಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಚೀಲದೊಳಗೆ ತೇವ ಬೆವತು ಇನ್ನೂ ಕೆಡುತ್ತದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾದ ಸಣ್ಣ ಪೊಟ್ಟಣಗಳನ್ನು ಎಸೆಯದೆ ಕಪಾಟಿನಲ್ಲಿಡಲು ಕೂಡಿಡಿ, ತೇವ ಹೀರುತ್ತವೆ.

‘ಮಲೆಗಳಲ್ಲಿ ಮದುಮಗಳು’ ಆಗಸ್ಟ್ 10ಕ್ಕೆ ಶುರುವಾಗಿ ಸೆಪ್ಟೆಂಬರ್ 21ಕ್ಕೆ ಮುಗಿಯಿತು. ಇದನ್ನು ಗ್ರಂಥಾಲಯದಿಂದ ತರಬೇಡಿ, ಕೊಂಡುಕೊಳ್ಳಿ. ಏಳುನೂರು ಪುಟ ದಾಟುವ ಪುಸ್ತಕ, ಸಾಲ ಕೊಡುವುದು ಹದಿನೈದು ದಿನಕ್ಕೆ. ಮಧ್ಯದಲ್ಲಿ ವಾಪಸು ಕೊಟ್ಟು ಮತ್ತೆ ಸಿಗುವ ಹೊತ್ತಿಗೆ ಯಾರ ಮನೆ ಯಾವುದು ಅನ್ನುವುದು ಮರೆತಿರುತ್ತದೆ.

ಎಲ್ಲರೂ ಕೈಬಿಡುವುದು ಮನೆಗಳ ಗೊಂದಲದಲ್ಲಿ. ಆದ್ದರಿಂದ ಮೊದಲ ದಿನವೇ ಒಂದು ದೊಡ್ಡ ಹಾಳೆ ತೆಗೆದುಕೊಂಡು ಐದು ಮನೆ ಬರೆಯಿರಿ: ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ. ಪ್ರತಿ ಮನೆಯ ಕೆಳಗೆ ಎರಡು ಸಾಲು, ಒಂದು ಮನೆಯವರಿಗೆ, ಇನ್ನೊಂದು ಆ ಮನೆಯ ಕೇರಿಯವರಿಗೆ, ಆಳುಗಳಿಗೆ. ಎರಡನೆಯ ಸಾಲು ಬಿಟ್ಟರೆ ಕಾದಂಬರಿಯೇ ಬಿಟ್ಟುಹೋದ ಹಾಗೆ, ಯಾಕೆಂದರೆ ಪುಸ್ತಕ ನಡೆಯುವುದು ಗುತ್ತಿ, ತಿಮ್ಮಿ, ಐತ, ಪೀಂಚಲು ಇವರ ಕಾಲಿನ ಮೇಲೆ. ನಾಯಿಗುತ್ತಿ ಒಂದು ಮನೆಯಿಂದ ಇನ್ನೊಂದಕ್ಕೆ ನಡೆದಾಗಲೆಲ್ಲ ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ನೂರೈವತ್ತು ಪುಟದ ಹೊತ್ತಿಗೆ ನಕಾಶೆಯೇ ಆಗಿರುತ್ತದೆ. ಮೇಗರವಳ್ಳಿ, ಆಗುಂಬೆ, ತೀರ್ಥಹಳ್ಳಿ ನಿಜವಾದ ಊರುಗಳಾದ್ದರಿಂದ ಅವು ಮೊಳೆ ಹೊಡೆದ ಹಾಗೆ ನಿಲ್ಲುತ್ತವೆ, ಉಳಿದವನ್ನು ಅವುಗಳ ಸುತ್ತ ಕೂರಿಸಿಕೊಳ್ಳಬಹುದು.

ಕಾನೂರಿಗೂ ಇದಕ್ಕೂ ನಡುವೆ 31 ವರ್ಷ. ಹೂವಯ್ಯನಂಥ ಆದರ್ಶವಂತ ಇಲ್ಲಿ ಗದ್ದುಗೆ ಏರಿ ಕೂತಿಲ್ಲ. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಪುಸ್ತಕದ ಬಾಗಿಲಲ್ಲೇ ಬರೆದಿಟ್ಟ ಮಾತನ್ನು ಕುವೆಂಪು ಕೊನೆಯವರೆಗೂ ಉಳಿಸಿಕೊಂಡಿದ್ದಾರೆ. ಗುತ್ತಿಯ ನಾಯಿ ಹುಲಿಯನಿಗೂ ಆ ಮಾತು ಸಲ್ಲುತ್ತದೆ. ಪಾದ್ರಿಯ ಬೈಸಿಕಲ್ಲು ಊರವರ ಬಾಯಲ್ಲಿ ‘ಬೀಸೆಕಲ್ಲು’ ಆಗುವ ಪ್ರಸಂಗ ನಗಿಸುತ್ತದೆ. ಅದನ್ನು ಬರೀ ತಮಾಷೆ ಅಂತ ದಾಟಬೇಡಿ. ಹೊಸ ಜಗತ್ತು, ಹೊಸ ಮತ ಘಟ್ಟಕ್ಕೆ ಹತ್ತಿ ಬರುತ್ತಿರುವುದನ್ನು ಜನ ತಮ್ಮ ಅಡುಗೆಮನೆಯ ಪದದಲ್ಲಿ ಹಿಡಿದುಕೊಳ್ಳುವುದು ಹಾಗೆ. ಕೊನೆಯ ನಲವತ್ತು ಪುಟವನ್ನು ಬೇರೆ ಕೆಲಸವಿಲ್ಲದ ದಿನಕ್ಕೆ ಇಟ್ಟುಕೊಳ್ಳಿ. ತುಂಗೆ ತುಂಬಿ ಹರಿಯುತ್ತಿರುತ್ತಾಳೆ. ಅಷ್ಟೇ ಹೇಳುವುದು. ಆ ರಾತ್ರಿ ಇನ್ನೊಂದು ಪುಸ್ತಕ ತೆರೆಯಲು ಆಗಲಿಲ್ಲ, ಮರುದಿನವೂ ಇಲ್ಲ.

ನಡುವೆ ಹಗುರ ಬೇಕಿತ್ತು, ‘ಫಣಿಯಮ್ಮ’ದ ಉಳಿದರ್ಧ ಆ ಹೊತ್ತಿಗೆ ಮುಗಿಯಿತು. ಹಗುರ ಅಂದದ್ದು ತಪ್ಪು, ಗಾತ್ರ ಮಾತ್ರ ಹಗುರ. ಬಾಲ್ಯದಲ್ಲೇ ವಿಧವೆಯಾಗಿ ತಲೆ ಬೋಳಿಸಿಕೊಂಡು, ದೊಡ್ಡ ಕುಟುಂಬದಲ್ಲಿ ಎಲ್ಲರಿಗೂ ದುಡಿಯುತ್ತಾ ಬದುಕಿದ ಹೆಂಗಸಿನ ಕಥೆ. ಇಂದಿರಾ ಅವರು ಬಾಲ್ಯದಲ್ಲಿ ಕಂಡ ನಿಜವಾದ ಜೀವವನ್ನೇ ಇಟ್ಟುಕೊಂಡು 1976ರಲ್ಲಿ ಬರೆದದ್ದು. ಕಾದಂಬರಿ ಮೊದಲೋ ಆತ್ಮಕಥೆ ಮೊದಲೋ ಅನ್ನುವ ನಿಯಮ ಇಲ್ಲಿ ನಡೆಯುವುದಿಲ್ಲ, ಎರಡೂ ಒಂದೇ ಪಾತ್ರೆಯಲ್ಲಿ ಬೆಂದಿವೆ. ಅತ್ತೆಯೋ ಅಜ್ಜಿಯೋ ಅಡುಗೆಮನೆಯಲ್ಲಿ ಕೂತು ಹೇಳಿದ ಹಾಗೆ, ವಿಷಯ ಬಿಟ್ಟು ಆಚೀಚೆ ಹೋಗುತ್ತಾ, ಮತ್ತೆ ಬರುತ್ತಾ. ಕಟ್ಟುನಿಟ್ಟು ಬಯಸುವವರಿಗೆ ಕಿರಿಕಿರಿ ಆಗಬಹುದು. ಕೋಪ ಎಲ್ಲೂ ಜೋರಾಗಿ ಆಡದ ಪುಸ್ತಕ ಇಷ್ಟು ಕೋಪ ಬರಿಸುವುದು ಹೇಗೆ ಅಂತ ಆಮೇಲೆ ಆಶ್ಚರ್ಯವಾಗುತ್ತದೆ.

ಲಂಕೇಶರ ಆತ್ಮಕಥೆ ‘ಹುಳಿಮಾವಿನ ಮರ’ ಹಳೇ ಪುಸ್ತಕದಂಗಡಿಯಲ್ಲಿ 90 ರೂಪಾಯಿಗೆ ಸಿಕ್ಕಿತು. ಕೊನಗವಳ್ಳಿಯ ಬಾಲ್ಯದ ಪುಟಗಳಿಗೆ ಆ ಬೆಲೆ ಹತ್ತುಪಟ್ಟಾದರೂ ಕೊಡಬಹುದು. ಪತ್ರಿಕೆಯ ದಿನಗಳು ಆ ಕಾಲದ ಜಗಳ ಗೊತ್ತಿದ್ದವರಿಗೆ ರುಚಿ, ಉಳಿದವರಿಗೆ ಬರೀ ಹೆಸರುಗಳು.

ಅಕ್ಟೋಬರ್ ಬಂತು, ‘ನೆನಪಿನ ದೋಣಿಯಲ್ಲಿ’ಗೆ ಕೊಟ್ಟ ಚೀಟಿಗೆ ಫೋನೂ ಬಂತು. 1980ರದ್ದು, ಸಾವಿರ ಪುಟ ಮೀರಿದ ಇಟ್ಟಿಗೆ. ಎರಡು ಕಾದಂಬರಿ ಮುಗಿದಿದ್ದರಿಂದ ಈ ಸಲ ಕ್ರಮ ಸರಿಯಾಗಿತ್ತು, ಫಲವೂ ಸಿಕ್ಕಿತು. ಕುಪ್ಪಳಿಯ ಉಪ್ಪರಿಗೆ, ಜಗಲಿ, ಮನೆಯ ಹಿಂದಿನ ಗುಡ್ಡ ಒಂದೊಂದಾಗಿ ಬರುವಾಗ, ಕಾದಂಬರಿಯಲ್ಲಿ ಓಡಾಡಿದ ಜಾಗ ಇದೇ ಇರಬೇಕು ಅಂತ ಹಿಂದಕ್ಕೆ ಹೋಗುವುದು ಒಂದು ಸುಖ. ‘ಸುರಗಿ’ ಕಿತ್ತುಕೊಂಡದ್ದನ್ನು ಇದು ತಿರುಗಿ ಕೊಟ್ಟಿತು. ಆದರೆ ಮೊದಲಿಂದ ಕೊನೆವರೆಗೆ ಓದುವ ಹಟ ಬೇಡ. ದಿನಚರಿಯ ಭಾಗಗಳಲ್ಲಿ ಒಂದೇ ಬಗೆಯ ದಿನ ಮತ್ತೆ ಮತ್ತೆ ಬರುತ್ತದೆ. ಬಾಲ್ಯ ಪೂರ್ತಿ ಓದಿ. ಮೈಸೂರಿನಲ್ಲಿ ಇಂಗ್ಲಿಷ್ ಕವಿತೆ ಬರೆಯುತ್ತಿದ್ದ ಹುಡುಗನಿಗೆ ಜೇಮ್ಸ್ ಕಸಿನ್ಸ್ ನಿನ್ನ ಭಾಷೆಯಲ್ಲೇ ಬರೆ ಎಂದ ಪ್ರಸಂಗ ಓದಿ. ಅಲ್ಲಿಂದ ಮುಂದೆ ತಾರೀಖು ನೋಡಿಕೊಂಡು ಹಾರಿಸಿ ಓದಿದರೆ ನಷ್ಟವಿಲ್ಲ.

ಇದರ ಬೆನ್ನಿಗೇ ‘ಅಣ್ಣನ ನೆನಪು’. ಕುವೆಂಪು ತೀರಿಕೊಂಡು ಎರಡು ವರ್ಷಕ್ಕೆ, 1996ರಲ್ಲಿ ಮಗ ತೇಜಸ್ವಿ ಬರೆದದ್ದು. ತಂದೆಯ ಪುಸ್ತಕದಲ್ಲಿ ಕವಿ ಸದಾ ಕವಿಯಾಗಿಯೇ ಇರುತ್ತಾರೆ, ಮಗನ ಪುಸ್ತಕದಲ್ಲಿ ಮನೆಯಲ್ಲಿರುತ್ತಾರೆ. ನಗು ಬರುವ ಪುಟ ಇದರಲ್ಲೇ ಹೆಚ್ಚು. ಎರಡರಲ್ಲಿ ಒಂದೇ ಓದುವಷ್ಟು ಸಮಯ ಇದ್ದರೆ ಮಗನದ್ದು ಓದಿ, ಹೇಳಲು ಸಂಕೋಚವಿಲ್ಲ.

ಕೊನೆಗೆ ‘ದ್ವೀಪ’. ಸಾಗರದ ನಾ. ಡಿಸೋಜ ಶರಾವತಿ ಯೋಜನೆಯಲ್ಲಿ ನೌಕರಿ ಮಾಡಿದವರು, ಮುಳುಗಡೆಯನ್ನು ಕಚೇರಿಯ ಕಡೆಯಿಂದಲೂ ಕಂಡವರು. ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ಅದರ ಪೂರ್ಣ ಮಟ್ಟ 1819 ಅಡಿ. ಈ ಸಂಖ್ಯೆ ಮಳೆಗಾಲದಲ್ಲಿ ದಿನಾ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ, ನಾವು ಕರೆಂಟಿನ ಲೆಕ್ಕದಲ್ಲಿ ಓದಿ ಪುಟ ತಿರುಗಿಸುತ್ತೇವೆ. ಸಣ್ಣ ಕಾದಂಬರಿ ಓದಿದ ಮೇಲೆ ಅದೇ ಅಡಿ ಲೆಕ್ಕದಲ್ಲಿ ನೀರು ಗದ್ದೆಗೆ, ಅಂಗಳಕ್ಕೆ, ಮೆಟ್ಟಿಲಿಗೆ ಏರುವುದು ಕಾಣುತ್ತದೆ. ಭಾಷೆ ಸಪ್ಪೆ ಅನ್ನುವವರಿದ್ದಾರೆ. ಈ ಕಥೆಗೆ ಅಲಂಕಾರ ಹಾಕಿದ್ದರೆ ಕೆಡುತ್ತಿತ್ತು ಅಂತ ಅನಿಸಿತು. 2002ರ ಸಿನಿಮಾ ಆಮೇಲೆ ನೋಡಿ.

ಖರ್ಚು: ಹೊಸ ಪುಸ್ತಕ ಐದಕ್ಕೆ ರಿಯಾಯಿತಿ ಕಳೆದು 1640, ಹಳೆಯದಕ್ಕೆ 90, ಓಡಾಟ, ಫೋಟೋ, ಜೆರಾಕ್ಸ್ ಎಲ್ಲ ಸೇರಿ 280. ಅವಸರವಿಲ್ಲದವರು ನವೆಂಬರಿಗೆ ಕಾಯಬಹುದು, ರಾಜ್ಯೋತ್ಸವಕ್ಕೆ ಅಂಗಡಿಗಳಲ್ಲಿ ರಿಯಾಯಿತಿ ಇರುತ್ತದೆ.

ಆ ಜೆರಾಕ್ಸಿನ ಬಾಬ್ತು ಒಂದು ಬಾಕಿ ಇದೆ. ಗ್ರಂಥಾಲಯದ ‘ನೆನಪಿನ ದೋಣಿಯಲ್ಲಿ’ 320ನೇ ಪುಟದಿಂದ ನೇರ 337ಕ್ಕೆ ಹಾರಿತ್ತು. ಹರಿದದ್ದಲ್ಲ, ಹೊಲಿಗೆಯೇ ಇಲ್ಲ. ಪುಸ್ತಕ ಅಚ್ಚಾಗುವುದು ಸಾಮಾನ್ಯವಾಗಿ ಹದಿನಾರು ಪುಟದ ಒಂದೊಂದು ಫಾರಂ ಆಗಿ. ಬೈಂಡು ಮಾಡುವಾಗ ಒಂದು ಕಂತೆ ತಪ್ಪಿದರೆ ಸರಿಯಾಗಿ ಹದಿನಾರು ಪುಟ ಮಾಯ, ಕೆಲವೊಮ್ಮೆ ಅದೇ ಕಂತೆ ಎರಡು ಸಲ. ಆದ್ದರಿಂದ ದಪ್ಪ ಪುಸ್ತಕ ಕೊಳ್ಳುವಾಗ, ತರುವಾಗ, 16, 32, 48 ಹೀಗೆ ಗಡಿಗಳಲ್ಲಿ ಪುಟ ತಿರುವಿ ನೋಡಿ, ಎರಡು ನಿಮಿಷದ ಕೆಲಸ. ಗೆಳೆಯರ ಮನೆಯ ಪ್ರತಿಯಿಂದ 321ರಿಂದ 336ರವರೆಗೆ ಎಂಟು ಹಾಳೆ, ಎರಡೂ ಬದಿ, 32 ರೂಪಾಯಿಗೆ ಜೆರಾಕ್ಸ್ ಮಾಡಿಸಿ, ಹಿಂದಿರುಗಿಸುವ ಮೊದಲು ಅದೇ ಜಾಗದಲ್ಲಿ ಇಟ್ಟಾಗಿದೆ. ಗೋಂದು ಹಾಕಿಲ್ಲ, ಗ್ರಂಥಾಲಯದ ಪುಸ್ತಕಕ್ಕೆ ನಾವು ಅಂಟಿಸುವ ಹಾಗಿಲ್ಲ. ಆ ಪ್ರತಿ ನಿಮ್ಮ ಕೈಗೆ ಬಂದರೆ ಬೆನ್ನು ಹಿಡಿದು ಎತ್ತಬೇಡಿ ಮಾರಾಯ್ರೇ, ಹಾಳೆ ಉದುರುತ್ತವೆ.